ಬ್ರಿಜ್ ಆಟ: ಆಸಕ್ತಿ ಇಲ್ಲದ್ದು ಯಾರಿಗೆ?

ಕಳೆದ ತಿಂಗಳು ಕುಂದಾಪುರದಲ್ಲಿ ಒಂದು ಸಂತಾಪ ಸಭೆ ಸೇರಿತ್ತು. ತೀರಿಕೊಂಡವರು ಬ್ಯಾಂಕಿನ ನೌಕರಿಯಿಂದ ನಿವೃತ್ತರಾಗಿದ್ದ ಒಬ್ಬ ಸಜ್ಜನರು. ನಮ್ಮ ಶನಿವಾರದ ಬ್ರಿಜ್ ಮೇಜಿಗೆ ನಾಲ್ಕನೆಯವರು. ಹನ್ನೊಂದು ವರ್ಷ ಅವರು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತು ಆಡಿದ್ದರು. ಸಭೆಯಲ್ಲಿ ಮಾತನಾಡಿದ ಹಿರಿಯರೊಬ್ಬರು ಅಗಲಿದವರ ಗುಣಗಳನ್ನೆಲ್ಲ ಕೊಂಡಾಡಿ ಕೊನೆಗೆ ಹೀಗೆಂದರು: "ಅವರೊಡನೆ ಈ ಊರಿನ ಬ್ರಿಜ್ ಆಟವೂ ಹೋಯಿತೆಂದೇ ತಿಳಿಯಬೇಕು. ಈಗಿನ ಹುಡುಗರಿಗೆ ತಲೆ ಖರ್ಚು ಮಾಡುವ ಆಟ ಯಾವುದೂ ಬೇಡ. ಕೈಯಲ್ಲಿ ಮೊಬೈಲೊಂದಿದ್ದರೆ ಸಾಕು." ಕೇಳಿದವರೆಲ್ಲ ಹೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ.

ಸಭೆ ಮುಗಿದು ಬಸ್ಸು ಹತ್ತಿದೆ. ಕೋಟೇಶ್ವರ ದಾಟಿ ಕುಂಭಾಶಿಯ ಆನೆಗುಡ್ಡೆಯ ಸ್ವಾಗತಗೋಪುರ ಕಾಣಿಸುವ ಹೊತ್ತಿಗೆ ನನ್ನ ತಲೆಯಾಡಿಸುವಿಕೆಯ ಬಗ್ಗೆ ನನಗೇ ನಾಚಿಕೆಯಾಯಿತು. ಏಕೆಂದರೆ ಆ ಮಾತು ನಿಜವಲ್ಲ. ನಿಜವಲ್ಲವೆಂಬುದು ಅಲ್ಲಿದ್ದ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು. ಹೇಗೆ ಗೊತ್ತಿತ್ತೆಂಬುದನ್ನು ಮುಂದೆ ಹೇಳುತ್ತೇನೆ. ಸದ್ಯ ನನ್ನ ವಾದವನ್ನು ಒಂದೇ ಮಾತಿನಲ್ಲಿ ಇಟ್ಟುಬಿಡುತ್ತೇನೆ: ತರುಣರು ಬ್ರಿಜ್ ಆಟದಲ್ಲಿ ಆಸಕ್ತಿ ಕಳೆದುಕೊಂಡಿಲ್ಲ. ಕೈಗೆ ಕೊಡದ ವಸ್ತುವನ್ನು ಯಾರಾದರೂ ಕಳೆದುಕೊಳ್ಳುವುದು ಹೇಗೆ? ಕಲಿಸುವುದರಲ್ಲಿ ಆಸಕ್ತಿ ಕಳೆದುಕೊಂಡವರು ನಾವು.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಬ್ರಿಜ್ ಆಟಕ್ಕೆ ನಾಲ್ಕು ಜನ ಬೇಕು. ಎದುರುಬದುರು ಕುಳಿತವರು ಜೊತೆಗಾರರು. ೫೨ ಎಲೆಗಳನ್ನೂ ತಲೆಗೆ ೧೩ರಂತೆ ಹಂಚಿದ ಮೇಲೆ ಮೊದಲು ಕೂಗು, ಆಮೇಲೆ ಆಟ. ಎಷ್ಟು ಸುತ್ತು ಗೆಲ್ಲುತ್ತೇವೆ, ಯಾವ ಬಣ್ಣ ತುರುಪು ಎಂಬುದನ್ನು ಸವಾಲಿನ ಹಾಗೆ ಒಬ್ಬರ ಮೇಲೊಬ್ಬರು ಕೂಗಬೇಕು. ಕೂಗಲು ಇರುವ ಸವಾಲುಗಳು ಒಟ್ಟು ೩೫. ಅವುಗಳಲ್ಲದೆ ಪಾಸ್, ಡಬಲ್, ರೀಡಬಲ್ ಎಂಬ ಮೂರು ಪದಗಳು. ಇಷ್ಟರಲ್ಲೇ ನನ್ನ ಕೈಯಲ್ಲಿರುವುದನ್ನು ಜೊತೆಗಾರನಿಗೆ ತಿಳಿಸಬೇಕು, ಅವನ ಕೈಯಲ್ಲಿರುವುದನ್ನು ನಾನು ಊಹಿಸಬೇಕು. ಕಣ್ಣು ಮಿಟುಕಿಸಿದರೆ, ಧ್ವನಿ ಏರಿಸಿದರೆ ಅದು ಅಧರ್ಮ. ನಮ್ಮ ಕಡೆಯವರಿಗೆ ಇದನ್ನು ತಿಳಿಯಹೇಳುವುದು ಸುಲಭ. ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ಮುಂಚಿತವಾಗಿ ಮಾತಾಡಿಕೊಳ್ಳದೆ, ಒಬ್ಬರ ಮಾತಿನ ಜಾಡು ಹಿಡಿದು ಇನ್ನೊಬ್ಬರು ಪ್ರಸಂಗವನ್ನು ಬೆಳೆಸುವುದಿಲ್ಲವೆ? ಬ್ರಿಜ್ ಕೂಗು ಅಂಥದೇ ಒಂದು ತಾಳಮದ್ದಳೆ. ಶಬ್ದಭಂಡಾರ ಮಾತ್ರ ಮೂವತ್ತೆಂಟಕ್ಕೆ ಮುಗಿಯುತ್ತದೆ.

ಇಂದು ಆಡುವ ರೂಪದಲ್ಲಿ ಈ ಆಟ ಹುಟ್ಟಿದ್ದು ೧೯೨೫ರಲ್ಲಿ. ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಎಂಬ ಶ್ರೀಮಂತ ಪನಾಮಾ ಕಾಲುವೆಯ ಮಾರ್ಗವಾಗಿ ಹಡಗಿನಲ್ಲಿ ಹೋಗುತ್ತಿದ್ದಾಗ ಹಳೆಯ ಬ್ರಿಜ್ಜಿನ ಅಂಕಪದ್ಧತಿಯನ್ನು ತಿದ್ದಿ, ಜೊತೆ ಪ್ರಯಾಣಿಕರೊಡನೆ ಆಡಿ ನೋಡಿದ. ಅದೇ ಲೋಕದ ತುಂಬ ಹಬ್ಬಿತು. ಅಂದರೆ ಆಟಕ್ಕೆ ನೂರು ವರ್ಷ ತುಂಬಿದೆ. ನೂರು ವರ್ಷವಾದರೂ ಅದು ಹಳಸಿಲ್ಲ. ೫೨ ಎಲೆಗಳನ್ನು ನಾಲ್ವರಿಗೆ ಹಂಚಬಹುದಾದ ಬಗೆಗಳನ್ನು ಲೆಕ್ಕ ಹಾಕಿದರೆ ೫ರ ಮುಂದೆ ೨೮ ಸೊನ್ನೆ ಬರೆದರೂ ಸಾಲದು. ಚದುರಂಗದಲ್ಲಿ ಯಂತ್ರವು ವಿಶ್ವವಿಜೇತ ಕ್ಯಾಸ್ಪರೋವ್‌ನನ್ನು ೧೯೯೭ರಲ್ಲೇ ಸೋಲಿಸಿತು. ಬ್ರಿಜ್ಜಿನಲ್ಲಿ ೨೦೨೨ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಯಂತ್ರ ಎಂಟು ಮಂದಿ ವಿಶ್ವವಿಜೇತರಿಗಿಂತ ಚೆನ್ನಾಗಿ ಆಡಿತೆಂಬುದು ನಿಜ. ಆದರೆ ಅಲ್ಲಿ ಕೂಗನ್ನು ಬಿಟ್ಟು ಎಲೆ ಆಡುವ ಭಾಗವನ್ನಷ್ಟೇ ಪರೀಕ್ಷೆಗೆ ಇಟ್ಟಿದ್ದರು. ಜೊತೆಗಾರನ ಮನಸ್ಸನ್ನು ಓದುವ ಭಾಗ ಆ ಪರೀಕ್ಷೆಯಿಂದ ಹೊರಗೇ ಉಳಿಯಿತು. ಇಂಥ ಆಟ ಇಪ್ಪತ್ತರ ಹರೆಯದ ಚುರುಕು ಬುದ್ಧಿಗೆ ರುಚಿಸದೆಂದು ಹೇಳುವವರು ಆಟವನ್ನೂ ಅರಿತವರಲ್ಲ, ಹರೆಯವನ್ನೂ ಅರಿತವರಲ್ಲ.

ಇನ್ನು ಆರೋಪಕ್ಕೆ ಬರೋಣ. ಹುಡುಗರಿಗೆ ಬುದ್ಧಿಯ ಆಟ ಬೇಡವಂತೆ. ಹಾಗಿದ್ದರೆ ೨೦೨೪ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಹದಿನೆಂಟು ವರ್ಷದ ಗುಕೇಶ್ ಚದುರಂಗದ ವಿಶ್ವವಿಜೇತನಾದದ್ದು ಹೇಗೆ? ಆ ವಾರ ನನ್ನ ತರಗತಿಯ ಹಿಂದಿನ ಬೆಂಚುಗಳಲ್ಲಿ ಕುದುರೆ ಆನೆಗಳದೇ ಚರ್ಚೆ. ಪಂಪನು ಪಾಪ, ಕಾದು ನಿಂತಿದ್ದ. ಚದುರಂಗ ಮಕ್ಕಳನ್ನು ಮುಟ್ಟಿತೆಂದರೆ ಅದಕ್ಕೆ ಕಾರಣವಿದೆ. ಅದನ್ನು ಶಾಲೆಯಲ್ಲಿ ಕಲಿಸುತ್ತಾರೆ, ತಾಲ್ಲೂಕು ಮಟ್ಟದ ಪಂದ್ಯ ನಡೆಸುತ್ತಾರೆ, ಗೆದ್ದ ಮಗುವಿನ ಕೈಗೆ ಬಟ್ಟಲು ಕೊಟ್ಟು ಪತ್ರಿಕೆಯಲ್ಲಿ ಚಿತ್ರ ಹಾಕಿಸುತ್ತಾರೆ.

ಅಷ್ಟು ದೂರವೂ ಹೋಗಬೇಕಿಲ್ಲ. ನಮ್ಮ ಪಕ್ಕದ ಸಾಲಿಗ್ರಾಮವನ್ನು ನೋಡಿ. ಮಕ್ಕಳಿಗೆ ಯಕ್ಷಗಾನ ಬೇಡವಾಗಿದೆ, ಸಿನಿಮಾ ಸಾಕಾಗಿದೆ ಎಂದು ಹಿರಿಯರು ಕೊರಗುತ್ತಿದ್ದ ಕಾಲದಲ್ಲೇ ಕಾರ್ಕಡ ಶ್ರೀನಿವಾಸ ಉಡುಪರೂ ಎಚ್. ಶ್ರೀಧರ ಹಂದೆಯವರೂ ಮಕ್ಕಳ ಮೇಳ ಕಟ್ಟಿದರು. ಹೆಜ್ಜೆ ಕಲಿಸಿದರು, ಗೆಜ್ಜೆ ಕಟ್ಟಿದರು, ಮಕ್ಕಳು ಬಂದರು. ಇಂದು ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೇ ಗುರುಗಳನ್ನು ಕಳಿಸಿ ಕಲಿಸುತ್ತಿದೆ. ಹುಡುಗಿಯರೂ ಕಿರೀಟ ಕಟ್ಟಿ ರಂಗವೇರುತ್ತಿದ್ದಾರೆ. ಆ ಮಕ್ಕಳೆಲ್ಲ ಆಸಕ್ತಿಯನ್ನು ತಾಯಿಯ ಹೊಟ್ಟೆಯಿಂದ ಹೊತ್ತು ತಂದಿದ್ದರೆ? ಗುರು ಸಿಕ್ಕಿದ, ಬಾಗಿಲು ತೆರೆದಿತ್ತು, ಆಸಕ್ತಿ ಹುಟ್ಟಿತು. ಬ್ರಿಜ್ಜಿಗೆ ನಮ್ಮ ತಾಲ್ಲೂಕಿನಲ್ಲಿ ಗುರು ಯಾರು? ಬಾಗಿಲು ಎಲ್ಲಿ?

ಬಾಗಿಲ ಮಾತು ಬಂದಾಗ ನನ್ನ ಬಾಲ್ಯ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಇಸ್ಪೀಟು ಎಂಬ ಶಬ್ದವೇ ಮೈಲಿಗೆ. "ಆ ಎಲಿ ಮನಿ ಒಳ್ಗ್ ತಪ್ಪುಕಾಗ" ಎಂದು ಅಜ್ಜಿಯ ಕಟ್ಟಪ್ಪಣೆ. ಧರ್ಮರಾಯ ಪಗಡೆಯಾಡಿ ರಾಜ್ಯ ಕಳೆದ ಕಥೆಯನ್ನು ನಮಗೆ ಆಕೆ ಹೇಳಿದ್ದು ಇಸ್ಪೀಟಿನ ನೆಪದಲ್ಲೇ. ಅಜ್ಜಿಯನ್ನು ನಾನು ದೂರುವುದಿಲ್ಲ. ಅಂದರ್ ಬಾಹರ್ ಆಡಿ ಮನೆಯ ಒಡವೆ ಮಾರಿದವರನ್ನು ಆಕೆ ಕಣ್ಣಾರೆ ಕಂಡಿದ್ದಳು. ಅಂದರ್ ಬಾಹರಿನಲ್ಲಿ ಬುದ್ಧಿಗೆ ಕೆಲಸವಿಲ್ಲ. ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂದು ಕಾಯುವುದಷ್ಟೇ ಆಟ. ನನ್ನ ತಕರಾರು ಓದು ಬಲ್ಲ ನಮ್ಮ ಹಿರಿಯರ ಮೇಲೆ. ಅವರಿಗೆ ವ್ಯತ್ಯಾಸ ತಿಳಿದಿತ್ತು. ರಮ್ಮಿ ಮುಖ್ಯವಾಗಿ ಕೌಶಲದ ಆಟ, ಅದರಲ್ಲಿರುವ ಅದೃಷ್ಟದ ಅಂಶ ಬ್ರಿಜ್ಜಿನಲ್ಲಿ ಎಲೆ ಹಂಚುವಾಗ ಇರುವಂಥದೇ ಎಂದು ಸುಪ್ರೀಂ ಕೋರ್ಟು ೧೯೬೭ರಲ್ಲೇ ಆಂಧ್ರಪ್ರದೇಶದ ಒಂದು ಮೊಕದ್ದಮೆಯಲ್ಲಿ ಹೇಳಿತ್ತು. ಬ್ರಿಜ್ಜಿನ ಪಂದ್ಯಗಳಲ್ಲಿ ಆ ಅಂಶವನ್ನೂ ಬಹುಮಟ್ಟಿಗೆ ತೆಗೆದುಹಾಕುವ ಕ್ರಮವಿದೆ: ಒಂದೇ ಹಂಚಿಕೆಯನ್ನು ಎಲ್ಲ ಮೇಜುಗಳಲ್ಲೂ ಆಡಿಸುತ್ತಾರೆ, ಅವವೇ ಎಲೆಗಳಿಂದ ಯಾರು ಹೆಚ್ಚು ಸಾಧಿಸಿದರೆಂಬುದನ್ನು ಹೋಲಿಸಿ ಗೆಲವು ನಿರ್ಣಯಿಸುತ್ತಾರೆ. "ನನಗೆ ಒಳ್ಳೆಯ ಎಲೆ ಬರಲಿಲ್ಲ" ಎಂಬ ನೆಪ ಅಲ್ಲಿ ನಡೆಯದು. ಇದನ್ನೆಲ್ಲ ಬಲ್ಲವರು ಸಂಜೆ ಕ್ಲಬ್ಬಿನಲ್ಲಿ ತಾವು ಆಡುತ್ತಿದ್ದರು. ಮನೆಗೆ ಬಂದು ಮಕ್ಕಳಿಗೆ ಇಸ್ಪೀಟು ಮುಟ್ಟಬೇಡಿರೆಂದು ಬೋಧಿಸುತ್ತಿದ್ದರು. ಬೋಧನೆ ಫಲಿಸಿತು. ಮಕ್ಕಳು ಮುಟ್ಟಲಿಲ್ಲ. ಈಗ ಅದೇ ಹಿರಿಯರು ಮಕ್ಕಳು ಮುಟ್ಟುತ್ತಿಲ್ಲವೆಂದು ಸಂತಾಪ ಸೂಚಿಸುತ್ತಾರೆ!

ಎಲೆಯಾಟ ಪರದೇಶದ ಕೆಟ್ಟ ಚಾಳಿ ಎನ್ನುವವರಿಗೂ ಒಂದು ಮಾತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ಹದಿಮೂರು ಬಗೆಯ ಎಲೆಯಾಟಗಳ ವಿವರವಿದೆ. ಅವುಗಳಲ್ಲಿ ಅತಿ ದೊಡ್ಡದಕ್ಕೆ ೩೬೦ ಎಲೆಗಳು. ಚದುರಂಗದ ಕುದುರೆಯ ನಡೆಯಲ್ಲಿ ಚಮತ್ಕಾರಗಳನ್ನು ರಚಿಸಿದ ಆ ದೊರೆ ಎಲೆಯಾಟವನ್ನೂ ಬುದ್ಧಿಯ ವಿನೋದವೆಂದೇ ಬಗೆದಿದ್ದರು. ಆ ಗಂಜೀಫಾ ಎಲೆಗಳಿಗೆ ಮುಂದೆ ಏನಾಯಿತು? ಇಂದು ಮೈಸೂರಿನಲ್ಲಿ ಅವನ್ನು ಚಿತ್ರವಾಗಿ ಬರೆದು, ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುತ್ತಾರೆ. ಚಿತ್ರಗಳು ಬಹಳ ಸೊಗಸು. ಆಡುವವರು ಮಾತ್ರ ಕಾಣರು. ಆಟವನ್ನು ಬಲ್ಲವರು ಕಲಿಸದೆ ಹೋದರೆ ಅದು ಮೇಜಿನಿಂದ ಎದ್ದು ಗೋಡೆಗೆ ಹೋಗುತ್ತದೆ. ಬ್ರಿಜ್ಜಿಗೆ ಆ ಗೋಡೆಯ ಯೋಗವೂ ಇಲ್ಲ. ನಮ್ಮ ಇಸ್ಪೀಟೆಲೆಗಳಲ್ಲಿ ದಶಾವತಾರದ ಚಿತ್ರಗಳಿಲ್ಲವಷ್ಟೆ.

ಇನ್ನೊಂದು ತಪ್ಪು ನಮ್ಮದೇ, ಬ್ರಿಜ್ ಆಡುವವರದು. ಅದನ್ನು ಮುಚ್ಚಿಡಲಾರೆ. ಕುಂಭಾಶಿ, ತೆಕ್ಕಟ್ಟೆ, ಕೋಟದ ಕಡೆ ಮಳೆಗಾಲದಲ್ಲಿ, ಯಾಂತ್ರಿಕ ದೋಣಿಗಳು ದಡ ಸೇರಿ ಬಲೆ ಒಣಗುವ ಎರಡು ತಿಂಗಳು, ಜಗಲಿಗಳಲ್ಲಿ ಇಪ್ಪತ್ತೆಂಟು ಎಂಬ ಆಟ ನಡೆಯುತ್ತಿದ್ದುದನ್ನು ನಾನು ಹುಡುಗನಾಗಿದ್ದಾಗ ಕದ್ದು ನೋಡುತ್ತಿದ್ದೆ. ಅದಕ್ಕೆ ಬೇಕಾದ್ದು ೩೨ ಎಲೆ. ಗುಲಾಮನಿಗೆ ೩, ಒಂಬತ್ತಕ್ಕೆ ೨, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಬಣ್ಣಕ್ಕೆ ಒಟ್ಟು ೨೮. ಗುಲಾಮನ ಮುಂದೆ ರಾಜ ರಾಣಿಯರು ಬೆಲೆಯಿಲ್ಲದವರಾಗುವ ಆ ಆಟ ನಮ್ಮ ಜಗಲಿಗೆ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿಯೂ ನಾಲ್ವರು, ಎದುರುಬದುರು ಜೊತೆ. ಅಲ್ಲಿಯೂ ನಾಲ್ಕು ಎಲೆ ಕಂಡೊಡನೆ ಹದಿನಾಲ್ಕರಿಂದ ಮೇಲಕ್ಕೆ ಕೂಗು. ಗೆದ್ದವನು ತುರುಪನ್ನು ಮಗುಚಿ ಇಡುತ್ತಾನೆ. ಬಿದ್ದ ಎಲೆಗಳ ಲೆಕ್ಕ, ಉಳಿದ ಎಲೆಗಳ ಊಹೆ, ಜೊತೆಗಾರನ ಮೇಲೆ ನಂಬಿಕೆ, ಇವೆಲ್ಲ ಅಲ್ಲಿಯೂ ಬೇಕು. ಇಪ್ಪತ್ತೆಂಟು ಬಲ್ಲವನು ಬ್ರಿಜ್ಜಿನ ಅರ್ಧ ದಾರಿ ನಡೆದಿರುತ್ತಾನೆ. ಈ ಮಾತನ್ನು ಯಾವ ಬ್ರಿಜ್ ಆಟಗಾರ ಯಾವ ಜಗಲಿಗೆ ಹೋಗಿ ಹೇಳಿದ?

ಹೇಳಲಿಲ್ಲ. ಏಕೆಂದರೆ ಬ್ರಿಜ್ಜು ನಮಗೆ ಆಟಕ್ಕಿಂತ ಹೆಚ್ಚಾಗಿ ಅಂತಸ್ತಾಗಿತ್ತು. ಅದು ಬ್ರಿಟಿಷ್ ಅಧಿಕಾರಿಗಳ ಕ್ಲಬ್ಬುಗಳಿಂದ ಇಳಿದು ಬಂದದ್ದು. ಆಮೇಲೆ ವಕೀಲರು, ವೈದ್ಯರು, ಬ್ಯಾಂಕಿನವರು, ನಮ್ಮಂಥ ಮೇಷ್ಟರುಗಳು. ಕೂಗು ಇಂಗ್ಲಿಷಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ಜಗಳವೂ ಇಂಗ್ಲಿಷಿನಲ್ಲಿ. ನಾನು ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು. ನಾನೂ ಹನ್ನೊಂದು ವರ್ಷ ಆ ಮೇಜಿನಲ್ಲಿ ಇಂಗ್ಲಿಷಿನಲ್ಲೇ ಕೂಗಿದೆ. ಆದರೆ ಕನ್ನಡದಲ್ಲಿ ಶಬ್ದಗಳಿಲ್ಲವೆ? ಇಸ್ಪೀಟು, ಆಟೀನು, ಕಳಾವರು, ಡೈಮನ್ನು. ಎಕ್ಕ, ರಾಜ, ರಾಣಿ, ಗುಲಾಮ. ತುರುಪು, ಕೂಗು, ಸುತ್ತು, ಜೊತೆ. ಚುನಾವಣೆ ಬಂತೆಂದರೆ ಪತ್ರಿಕೆಗಳ ತಲೆಬರಹದಲ್ಲೆಲ್ಲ ತುರುಪಿನ ಎಲೆಯದೇ ಕಾರುಬಾರು. ಆ ತಲೆಬರಹ ಓದುವ ಎಷ್ಟು ವಿದ್ಯಾರ್ಥಿಗಳು ತುರುಪನ್ನು ಮೇಜಿನ ಮೇಲೆ ಕಂಡಿದ್ದಾರೆ? ಒಮ್ಮೆ ತರಗತಿಯಲ್ಲಿ ಕೇಳಿದೆ. ನಲವತ್ತು ಮಂದಿಯಲ್ಲಿ ಇಬ್ಬರು ಕೈಯೆತ್ತಿದರು. ಇಬ್ಬರೂ ಮೀನುಗಾರರ ಮನೆಯ ಮಕ್ಕಳು.

ಹುಡುಗಿಯರ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ನನ್ನ ತರಗತಿಯಲ್ಲಿ ಅವರೇ ಹೆಚ್ಚು. ಲೆಕ್ಕದಲ್ಲಿಯೂ ನೆನಪಿನಲ್ಲಿಯೂ ಅವರೇ ಮುಂದು. ಚೆನ್ನೆಮಣೆಯ ಕಾಯಿಗಳನ್ನು ಕಣ್ಣಳತೆಯಲ್ಲೇ ಎಣಿಸಿ ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಮೊದಲೇ ಹೇಳುತ್ತಿದ್ದ ಅಜ್ಜಿಯಂದಿರ ಮೊಮ್ಮಕ್ಕಳು ಅವರು. ಆದರೆ "ಯುವಜನರಿಗೆ ಆಸಕ್ತಿ ಇಲ್ಲ" ಎಂದು ತೀರ್ಪು ಕೊಡುವವರು ಅವರನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ನಾನು ಕಂಡ ಬ್ರಿಜ್ ಮೇಜುಗಳಲ್ಲಿ ಹೆಂಗಸರಿಗೆ ಬರಬೇಡಿರೆಂದು ಯಾರೂ ಹೇಳಿದ್ದಿಲ್ಲ, ಬನ್ನಿರೆಂದೂ ಹೇಳಿದ್ದಿಲ್ಲ. ಅರ್ಧ ಊರನ್ನು ಕರೆಯದೆ ಊರಿಗೆ ಆಸಕ್ತಿಯಿಲ್ಲವೆನ್ನುವುದು ಯಾವ ನ್ಯಾಯ?

ಈಗ ಬಸ್ಸಿನಲ್ಲಿ ನನಗೆ ನಾಚಿಕೆಯಾದ ಕಾರಣವನ್ನು ಹೇಳುತ್ತೇನೆ. ೨೦೨೨ರಲ್ಲಿ ಮೊದಲ ವರ್ಷದ ಪದವಿ ತರಗತಿಗೆ ಒಬ್ಬ ಹುಡುಗ ಬಂದ. ಕನ್ನಡ ಸಾಧಾರಣ, ನೆನಪು ಅಸಾಧಾರಣ. ಒಂದು ಶನಿವಾರ ಅಂಕಪಟ್ಟಿಗೆ ಸಹಿ ಹಾಕಿಸಲು ನಮ್ಮ ಮೇಜಿನ ಬಳಿಗೇ ಬಂದವನು ಅರ್ಧ ಗಂಟೆ ನಿಂತು ನೋಡಿದ. ಹೊರಡುವಾಗ ಸಂಕೋಚದಿಂದ ಕೇಳಿದ: "ಸರ್, ನಂಗೂ ಕಲ್ಸಿ ಕೊಡ್ತ್ರಿಯಾ?" ನಾನು ಏನೆಂದೆ? ಎಲ್ಲ ಮೇಷ್ಟರೂ ಹೇಳುವುದನ್ನೇ ಹೇಳಿದೆ: "ಮೊದಲು ಪರೀಕ್ಷೆ ಮುಗಿಸು, ಆಮೇಲೆ ನೋಡೋಣ." ಅವನು ಮತ್ತೆ ಕೇಳಲಿಲ್ಲ. ನಾನೂ ಮರೆತೆ.

೨೦೨೪ರಲ್ಲಿ ಅವನು ಪರೀಕ್ಷೆಗೆ ಶುಲ್ಕ ಕಟ್ಟಿಲ್ಲವೆಂದು ತಿಳಿಯಿತು. ಕರೆದು ಕೇಳಿದೆ. ಮುಂಬಯಿಯ ಹೋಟೆಲೊಂದರಲ್ಲಿ ದುಡಿಯುವ ಅಣ್ಣ ಕಳಿಸಿದ ಹಣವೆಲ್ಲ ಮೊಬೈಲಿನ ರಮ್ಮಿಯಲ್ಲಿ ಹೋಗಿತ್ತು. ಬೈಯಲು ಬಾಯಿ ತೆರೆದವನು, ಏಕೋ, ಸೋತದ್ದು ಹೇಗೆಂದು ಕೇಳಿದೆ. ಅವನು ಹಿಂದಿನ ವಾರದ ಒಂದು ಆಟವನ್ನು ಮೊದಲಿನಿಂದ ಕೊನೆಯವರೆಗೆ, ಯಾರು ಯಾವ ಎಲೆ ಎತ್ತಿದರು, ಯಾವುದನ್ನು ಬಿಟ್ಟರು ಎಂಬುದನ್ನು ಒಂದೂ ತಪ್ಪದೆ ಹೇಳಿದ. "ಲೆಕ್ಕ ಸಮ ಇದ್ದಿತ್ತ್ ಸರ್. ಗೆಲ್ತೆ ಅಂದೇಳಿ ಎಣ್ಸಿದ್ದೆ." ಹನ್ನೊಂದು ವರ್ಷ ಬ್ರಿಜ್ ಆಡಿದ ನನಗೆ ಆ ಶಕ್ತಿಯಿಲ್ಲ. ನಮ್ಮ ಮೇಜಿಗೆ ಅಂಥ ಜೊತೆಗಾರ ಸಿಕ್ಕಿದ್ದರೆ ನಾವು ಮಂಗಳೂರು ಬೆಂಗಳೂರುಗಳ ಪಂದ್ಯಕ್ಕೆ ಹೋಗಿ ಬರಬಹುದಿತ್ತು. ಶುಲ್ಕವನ್ನು ನಾವು ಕೆಲವು ಅಧ್ಯಾಪಕರು ಸೇರಿ ಕಟ್ಟಿದೆವು. ಅವನು ತೇರ್ಗಡೆಯಾಗಿ ಬೆಂಗಳೂರಿಗೆ ಹೋದ. ಅವನ ಅಣ್ಣನ ಹಣ ಹಿಂದಕ್ಕೆ ಬರಲಿಲ್ಲ.

ಈ ಹುಡುಗನಿಗೆ ಆಸಕ್ತಿ ಇರಲಿಲ್ಲವೆಂದು ಯಾರಾದರೂ ನನ್ನ ಮುಂದೆ ಹೇಳಲಿ ನೋಡೋಣ! ಅವನ ಆಸಕ್ತಿಯನ್ನು ನಾನು ಕಾಣಲಿಲ್ಲ. ಹಣ ಕಟ್ಟಿಸಿಕೊಂಡು ಎಲೆಯಾಡಿಸುವ ಅಂಗಡಿಯವರು ಕಂಡರು. ನಾನು "ಆಮೇಲೆ" ಎಂದೆ. ಅವರು ರಾತ್ರಿ ಎರಡು ಗಂಟೆಗೂ ಬಾಗಿಲು ತೆರೆದಿಟ್ಟರು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಮಾಡಿತು. ಒಳ್ಳೆಯದೇ. ಆದರೆ ಕಾನೂನು ಕೆಟ್ಟ ಬಾಗಿಲನ್ನು ಮುಚ್ಚಬಲ್ಲುದು. ಒಳ್ಳೆಯ ಬಾಗಿಲನ್ನು ತೆರೆಯುವ ಕೆಲಸ ಕಾನೂನಿನದಲ್ಲ, ನಮ್ಮದು. ಅಜ್ಜಿ ಕಟ್ಟಿದ ಬೇಲಿಯನ್ನೇ ಇನ್ನಷ್ಟು ಎತ್ತರ ಮಾಡಿ ಸುಮ್ಮನೆ ಕುಳಿತರೆ ಹುಡುಗರು ಇನ್ನೊಂದು ಕಂಡಿಯಲ್ಲಿ ನುಸುಳುತ್ತಾರೆ.

ಎದುರು ಪಕ್ಷದವರ ಮಾತಿನಲ್ಲಿ ಸತ್ಯದ ಅಂಶವೇ ಇಲ್ಲವೆಂದು ನಾನು ಹೇಳುವುದಿಲ್ಲ. ಬ್ರಿಜ್ ಕಲಿಯಲು ತಿಂಗಳುಗಳು ಬೇಕು. ಮೊದಲ ಸಂಜೆಯಲ್ಲೇ ಗೆದ್ದೆನೆಂಬ ಹಿಗ್ಗು ಅದರಲ್ಲಿಲ್ಲ. ನಾಲ್ವರು ಒಂದೇ ಊರಿನಲ್ಲಿ, ಒಂದೇ ಹೊತ್ತಿನಲ್ಲಿ ಬಿಡುವಾಗಿರಬೇಕು. ನಮ್ಮ ಕಡೆಯ ತರುಣರಾದರೋ ಪದವಿ ಮುಗಿಯುತ್ತಲೇ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೋ ಮುಂಬಯಿಗೋ ಹೋಗುವವರು. ಊರಿನಲ್ಲಿ ಉಳಿದವರು ಎರಡು ಕೆಲಸ ಮಾಡುವವರು. ಮೂರು ಗಂಟೆ ಕುರ್ಚಿ ಹಿಡಿದು ಕೂರುವ ಸೌಭಾಗ್ಯ ಪಿಂಚಣಿದಾರನಿಗಿದೆ, ಅವರಿಗಿಲ್ಲ. ಇದು ನಿಜ. ಆದರೆ ಬಿಡುವಿಲ್ಲವೆಂಬುದು ಬೇರೆ, ಆಸಕ್ತಿಯಿಲ್ಲವೆಂಬುದು ಬೇರೆ. ಒಂದು ಪರಿಸ್ಥಿತಿಯ ಮಾತು, ಇನ್ನೊಂದು ನಿಂದೆ. ೨೦೨೦ರಲ್ಲಿ ಕೊರೋನಾ ಬಂದು ಕ್ಲಬ್ಬುಗಳೆಲ್ಲ ಮುಚ್ಚಿದಾಗ ಬ್ರಿಜ್ ಮೇಜುಗಳು ಲೋಕದಾದ್ಯಂತ ಅಂತರ್ಜಾಲಕ್ಕೆ ಏರಿದವು; ಎಪ್ಪತ್ತು ದಾಟಿದ ನಮ್ಮ ಮೇಜಿನವರೇ ಮೊಮ್ಮಕ್ಕಳಿಂದ ಕೇಳಿ ಕಲಿತು ಮೊಬೈಲಿನಲ್ಲಿ ಆಡಿದರು. ಇಂದಿಗೂ ಅಲ್ಲಿ ಹಣವಿಲ್ಲದೆ ಆಡಬಹುದು. ಕುಂಭಾಶಿಯ ಹುಡುಗ ಬೆಂಗಳೂರಿನಿಂದಲೂ ಮುಂಬಯಿಯ ಹುಡುಗಿ ಅಂಧೇರಿಯಿಂದಲೂ ಒಂದೇ ಮೇಜಿಗೆ ಕೂರಬಹುದಾದ ಕಾಲವಿದು. ಮೊಬೈಲನ್ನೇ ಶತ್ರುವೆಂದವರು ತಾವು ಅದರಲ್ಲಿ ಆಡಿದ್ದನ್ನು ಇಷ್ಟು ಬೇಗ ಮರೆತದ್ದು ಹೇಗೆ?

ಕೀರ್ತಿ ಬೇಕೆನ್ನುವವರಿಗೆ ಅದೂ ಇದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಬ್ರಿಜ್ಜಿನ ವಿಶ್ವಸಂಸ್ಥೆಗೆ ೧೯೯೯ರಲ್ಲೇ ಮನ್ನಣೆ ಕೊಟ್ಟಿತು. ೨೦೧೮ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಬ್ರಿಜ್ ಸೇರಿತು. ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಜೋಡಿ ಭಾರತಕ್ಕೆ ಚಿನ್ನ ತಂದಿತು. ೨೦೨೩ರಲ್ಲಿ ಹಾಂಗ್‌ಝೌನಲ್ಲಿ ನಮ್ಮ ಪುರುಷರ ತಂಡಕ್ಕೆ ಬೆಳ್ಳಿ. ಜಕಾರ್ತಾದಲ್ಲಿ ಗೆದ್ದಾಗ ಬರ್ಧನ್ ಅವರಿಗೆ ಅರವತ್ತು, ಸರ್ಕಾರರಿಗೆ ಐವತ್ತಾರು. ಇದನ್ನು ಕೇಳಿ ಕೆಲವರು, "ನೋಡಿದಿರಾ, ಇದು ಮುದುಕರ ಆಟ" ಎಂದರು. ನನಗೆ ಹೊಳೆದದ್ದು ಬೇರೆ: ಓಟಗಾರನ ಕಾಲು ಮೂವತ್ತೈದಕ್ಕೆ ಸೋಲುತ್ತದೆ, ಇಪ್ಪತ್ತಕ್ಕೆ ಕಲಿತ ಬ್ರಿಜ್ಜು ಅರವತ್ತಕ್ಕೆ ಚಿನ್ನವಾಗಬಹುದು. ಆದರೆ ಇಪ್ಪತ್ತಕ್ಕೆ ಯಾರಾದರೂ ಕಲಿಸಿರಬೇಕು. ಫ್ರಾನ್ಸ್, ಪೋಲೆಂಡ್‌ಗಳಲ್ಲಿ ಇದನ್ನು ಶಾಲೆಯ ಮಕ್ಕಳಿಗೇ ಕಲಿಸುತ್ತಾರೆ. ಕೂಗಿನ ತೊಡಕನ್ನು ಮೊದಲಿಗೆ ಬಿಟ್ಟು, ಎಕ್ಕಕ್ಕೆ ೪, ರಾಜನಿಗೆ ೩, ರಾಣಿಗೆ ೨, ಗುಲಾಮನಿಗೆ ೧ ಎಂದು ಎಣಿಸಿ, ಹೆಚ್ಚು ಅಂಕವಿದ್ದ ಜೋಡಿ ಆಡುವಂತೆ ಸರಳಗೊಳಿಸಿದ ಕಿರು ಬ್ರಿಜ್ ಒಂದಿದೆ. ಹತ್ತು ವರ್ಷದ ಮಗು ಅದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯುತ್ತದೆ.

ಆದ್ದರಿಂದ ದೂರುವುದನ್ನು ಬಿಟ್ಟು ಮಾಡಬೇಕಾದುದನ್ನು ಹೇಳಿ ಮುಗಿಸುತ್ತೇನೆ. ಬ್ರಿಜ್ ಬಲ್ಲ ಪ್ರತಿಯೊಬ್ಬರೂ ವರ್ಷಕ್ಕೆ ಇಬ್ಬರಿಗೆ ಕಲಿಸಲಿ. ಇಪ್ಪತ್ತೆಂಟು ಬಲ್ಲ ಹುಡುಗರಿಂದ ಆರಂಭಿಸಲಿ. ಅವರಿಗೆ ದಾರಿ ಹತ್ತಿರ. ಕನ್ನಡದಲ್ಲಿ ಕೂಗಲಿ. ಊರಿನ ವಾಚನಾಲಯದಲ್ಲಿ, ಕಾಲೇಜಿನ ಕೊಠಡಿಯಲ್ಲಿ, ಬಾಗಿಲು ಕಿಟಕಿ ತೆರೆದಿಟ್ಟು, ತಂದೆತಾಯಿಗಳು ಬಂದು ನೋಡುವಂತೆ ಆಡಿಸಲಿ. ಒಂದು ಬಿಡಿಗಾಸನ್ನೂ ಮೇಜಿನ ಮೇಲೆ ಇಡಕೂಡದು; ಇಟ್ಟ ದಿನವೇ ಅಜ್ಜಿ ಹೇಳಿದ್ದು ಸತ್ಯವಾಗುತ್ತದೆ. ಇಷ್ಟು ಮಾಡಿ ಐದು ವರ್ಷ ಕಾದ ಮೇಲೂ ಯಾರೂ ಬರದಿದ್ದರೆ ಆಗ ಸಂತಾಪ ಸಭೆ ಕರೆಯೋಣ. ನಾನೇ ಭಾಷಣ ಮಾಡುತ್ತೇನೆ.

ಹೇಳುವವನು ಮಾಡಬೇಕಷ್ಟೆ. ಕಳೆದ ಎರಡು ಶನಿವಾರಗಳಿಂದ ಐದು ಗಂಟೆಗೆ ನಮ್ಮ ಮನೆಯ ಜಗಲಿಯಲ್ಲಿ ಮೇಜು ಹಾಕಿದ್ದೇನೆ. ಮೊದಲ ವಾರ ಯಾರೂ ಬರಲಿಲ್ಲ. ಎರಡನೆಯ ವಾರ ತುರುಪು ಕಂಡಿದ್ದೇನೆಂದು ಕೈಯೆತ್ತಿದ್ದ ಹುಡುಗ ಬಂದ. ತನ್ನೊಡನೆ ತಂಗಿಯನ್ನೂ ಕರೆತಂದ. ಎಲೆ ಕಲಸಿ ಹಂಚಿದೆ. ಮೂವರಾದೆವು. ಅಗಲಿದ ಗೆಳೆಯರ ಎಲೆಗಳನ್ನು ಮೇಜಿನ ಮೇಲೆ ತೆರೆದಿಟ್ಟು ಡಮ್ಮಿ ಎಂದು ಆಡಿದೆವು. ಹುಡುಗಿ ಮೂರನೆಯ ಸುತ್ತಿಗೇ ನನ್ನ ರಾಣಿಯನ್ನು ಹಿಡಿದುಹಾಕಿ, "ಸರ್, ಬಪ್ಪು ಶನಿವಾರವೂ ಇತ್ತಾ?" ಎಂದು ಕೇಳಿದಳು. ಇದೆ ಎಂದೆ. ಎಲೆಯ ಕಟ್ಟು ನನ್ನದು, ಕಾಫಿ ನನ್ನ ಮನೆಯದು. ನಾಲ್ಕನೆಯ ಕುರ್ಚಿ ಖಾಲಿಯಿದೆ. ಬರುವವರು ಆನೆಗುಡ್ಡೆಯ ಸ್ಟಾಪಿನಲ್ಲಿ ಇಳಿಯಬೇಕು.